ವಿಜ್ಞಾನ ಪುಟ: ಬೂತಾಯಿಯ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವ ಬಗೆ



ಮಂಗಳೂರಿನವರು ‘ಬೂತಾಯಿ’ ಎನ್ನುವ, ಕುಂದಾಪುರದವರು ‘ಬೈಗೆ’ ಎನ್ನುವ ಮೀನು ನಮ್ಮ ಕೊಚ್ಚಿ, ತಿರುವನಂತಪುರದ ಮಾರುಕಟ್ಟೆಗಳಲ್ಲಿ ‘ಮತ್ತಿ’, ‘ಚಾಳ’. ಮಳೆಗಾಲದಲ್ಲಿ ಬಲಿತ ಹೆಣ್ಣುಮೀನಿನ ಹೊಟ್ಟೆ ಸೀಳಿದರೆ ಹಳದಿ ಛಾಯೆಯ ಎರಡು ಉದ್ದನೆಯ ಗಡ್ಡೆಗಳು ಸಿಗುತ್ತವೆ. ಅವೇ ಅಂಡಾಶಯಗಳು. ಅವುಗಳೊಳಗಿನ ಸಾವಿರಾರು ಮೊಟ್ಟೆಗಳು ಒಂದು ದಿನದಲ್ಲಿ ಆದವಲ್ಲ.

ಎಳೆಯ ಅಂಡಕೋಶ ಕಣ್ಣಿಗೆ ಕಾಣದಷ್ಟು ಚಿಕ್ಕದು. ಋತು ಬಂದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾರ್ಮೋನುಗಳ ಮೂಲಕ ಅಂಡಾಶಯವನ್ನು ಎಚ್ಚರಿಸುತ್ತದೆ. ಅಂಡಾಶಯವು ಈಸ್ಟ್ರೊಜೆನ್ ಮೂಲಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಾಗುವುದು ಯಕೃತ್ತಿನಲ್ಲಿ! ರಕ್ತದಲ್ಲಿ ಹರಿದುಬಂದ ಅದನ್ನು ಹೀರಿಕೊಂಡು ಅಂಡಕೋಶ ದಪ್ಪವಾಗುತ್ತದೆ. ಕೊನೆಗೆ ನೀರು ತುಂಬಿಕೊಂಡು, ತಿಳಿಯಾಗಿ, ಕಡಲಿಗೆ ಬೀಳುತ್ತದೆ. ಮಳೆ, ಆಹಾರ ಕೈಕೊಟ್ಟರೆ ಅರೆಬಲಿತ ಮೊಟ್ಟೆಗಳನ್ನು ತಾಯಿಮೀನಿನ ದೇಹವೇ ಕರಗಿಸಿಕೊಳ್ಳುವುದೂ ಉಂಟು.

ಮೀನುಗಳು ಸಾಮಾನ್ಯವಾಗಿ ಹೊಸ ಅಂಡಕೋಶಗಳನ್ನು ಮತ್ತೆ ಮತ್ತೆ ಮಾಡಿಕೊಳ್ಳುತ್ತವೆ. ಮನುಷ್ಯರಲ್ಲಿ ಹಾಗಲ್ಲ. ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳು ಸಿದ್ಧವಾಗಿರುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಇರುವ ಅವುಗಳಲ್ಲಿ ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ. ಅಂದರೆ, ಕೇರಳದಲ್ಲಿ ಹುಟ್ಟಿದ ನಿಮ್ಮ ಮೊದಲ ಕಣ ರೂಪುಗೊಂಡದ್ದು ಅಮ್ಮ ಅಜ್ಜಿಯ ಗರ್ಭದಲ್ಲಿದ್ದಾಗ, ಪ್ರಾಯಶಃ ಊರಿನಲ್ಲೇ!

ಮತ್ತೆ ಬೂತಾಯಿಗೆ ಬರೋಣ. ಅದು ಸುಮಾರು 15 ಸೆಂಟಿಮೀಟರು ಬೆಳೆದ ಮೇಲೆಯೇ ಮೊಟ್ಟೆಯಿಡಲು ಸಿದ್ಧ. ಅದಕ್ಕೂ ಮೊದಲೇ ಹಿಡಿದರೆ ಅದರ ಒಂದು ಅಂಡಕೋಶವೂ ಬಲಿಯುವುದಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿ, ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಕೇಂದ್ರ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ ನೋಡಿ: ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಕಡಲಿನ ಹವಾಮಾನದ ಏರುಪೇರು ಇದಕ್ಕೆ ದೊಡ್ಡ ಕಾರಣ. ಅದನ್ನು ನಾವು ತಡೆಯಲಾರೆವು. ಮರಿಮೀನನ್ನು ಮಾತ್ರ ಉಳಿಸಬಹುದು. 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂದು ಕೇರಳ ಸರ್ಕಾರ 2015ರಲ್ಲೇ ನಿಯಮ ಮಾಡಿದೆ. ಆದರೂ ಚಿಕ್ಕ ಮೀನು ಮಾರುಕಟ್ಟೆಗೆ ಬರುತ್ತದೆ, ಕೊಳ್ಳುವವರು ಇದ್ದಾರೆ ಎಂಬ ಕಾರಣಕ್ಕೆ.

ಆದ್ದರಿಂದ ಮಿತ್ರರೇ, ಮೀನು ತರಲು ಅಮ್ಮ ಕಳಿಸಿದಾಗ ಕೈಯನ್ನೇ ಅಳತೆಗೋಲು ಮಾಡಿಕೊಳ್ಳಿ. ಅರ್ಧ ಗೇಣೂ ಇಲ್ಲದ ಬೂತಾಯಿ ಕಂಡರೆ ‘ಬೇಡ’ ಎನ್ನಿ. ಕಾರಣ ಕೇಳಿದರೆ ಮಲಯಾಳದಲ್ಲೇ ವಿವರಿಸಿ. ಅದು ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆಯಲ್ಲ!