ಹೆರುವವಳ ಲೆಕ್ಕ ಕೇಳಿದವರುಂಟೆ?



"ಹೆಂಗಸರು ಓದಿ ಕೆಟ್ಟರು, ಈಗ ಮಕ್ಕಳನ್ನೇ ಹೆರೋದಿಲ್ಲ" ಎಂದು ದುದ್ದದ ಬಸ್ ನಿಲ್ದಾಣದಲ್ಲಿ ಒಬ್ಬ ಯಜಮಾನರು ನನ್ನ ಮುಖಕ್ಕೇ ಹೇಳಿದರು. ದೊಡ್ಡವರ ಮಾತೂ ಬೇರೆಯಲ್ಲ. 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಅದೇ ವರ್ಷ ಆರೆಸ್ಸೆಸ್ಸಿನ ಮೋಹನ್ ಭಾಗವತ್ ಮೂರಾದರೂ ಬೇಕು ಎಂದರು. ಹೆರುವವಳನ್ನು ಕೇಳಿದವರು ಯಾರು?

ನಾನು ನಮ್ಮ ಸಂಘದ ಸಾಲದ ಪುಸ್ತಕ ಬರೆಯುವವಳು. ಉತ್ತರ ಅದರಲ್ಲೇ ಇದೆ. ಬಿತ್ತನೆ ಆಲೂಗೆಡ್ಡೆಗೆ ಸಾಲ, ಅಂಗಮಾರಿ ಬಿದ್ದ ಮೇಲೆ ಔಷಧಿಗೆ ಸಾಲ, ಶಾಲೆಯ ಫೀಜಿಗೆ ಸಾಲ, ಮಗಳ ಮದುವೆಗೆ ಸಾಲ. ಡಿಗ್ರಿ ಮಾಡಿದ ಹುಡುಗ ಕೆಲಸವಿಲ್ಲದೆ ಅರಳಿಕಟ್ಟೆಯ ಮೇಲೆ ಕೂತಿದ್ದಾನೆ. ಅವನಿಗೂ ವರದಕ್ಷಿಣೆ ಬೇಕು, ಅಂಗಡಿ ಹಾಕಲು ಬಂಡವಾಳವಂತೆ! ಸಂಬಳವಿಲ್ಲದ ಗಂಡಿಗೆ ಮಾವನ ಮನೆಯೇ ಬ್ಯಾಂಕು. ಹಣ ಬರುವುದು ತಡವಾದರೆ ಏಟು ಯಾರಿಗೆಂದು ನಿಮಗೆ ನಾನು ಹೇಳಬೇಕೆ? ಇಂಥ ಮನೆಯಲ್ಲಿ ಎರಡನೆಯದನ್ನು ಯಾವ ಧೈರ್ಯದ ಮೇಲೆ ಹೆರುವುದು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ 2.85 ಮಕ್ಕಳು, 2019-21ರಲ್ಲಿ 1.7. ಓದೂ ಇದಕ್ಕೆ ಕಾರಣ, ನಿಜ. ಅದು ನಮ್ಮ ಹೆಮ್ಮೆ. ಆದರೆ ಸಾಕೆಂದು ನಿಲ್ಲಿಸಿದವಳು ಬೇರೆ, ಗತಿಯಿಲ್ಲದೆ ನಿಲ್ಲಿಸಿದವಳು ಬೇರೆ. ನಿಲ್ಲಿಸುವ ಕತ್ತರಿಯೂ ನಮ್ಮ ಹೊಟ್ಟೆಗೇ: ಅದೇ ಸಮೀಕ್ಷೆಯಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆ. ಗಂಡನ ಹಿಂಸೆ ಕಂಡವರು ನೂರಕ್ಕೆ 44.

2023ರ ಫೆಬ್ರವರಿಯಲ್ಲಿ, ಹೆಣ್ಣು ಸಿಗದ ರೈತ ಯುವಕರು ಪಕ್ಕದ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಜಮೀನಿನ ಆದಾಯ ನಂಬಿ ಹೆಣ್ಣು ಕೊಡುವವರಿಲ್ಲ. ಪಾಪ ಎನ್ನಿಸಿತು. ಆದರೆ ಆ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಮಗಳು ಬೇಡ, ಸೊಸೆ ಬೇಕು.

ನನ್ನ ತಂಗಿಯ ಮಗಳು ಹಾಸನದ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹೆರಿಗೆಯಾದ ಮೇಲೆ ಕೂಸು ನೋಡುವವರಿಲ್ಲದೆ ಕೆಲಸ ಬಿಟ್ಟಳು. ಸಂಬಳ ನಿಂತ ತಿಂಗಳಿಂದಲೇ ಗಂಡನ ಮನೆಯವರ ಮಾತು ಬದಲಾಯಿತು. ಅವಳಿಗೆ ಯಾರಾದರೂ ಇನ್ನೆರಡು ಹೆರು ಎಂದು ಹೇಳಿ ನೋಡಲಿ!

ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ 2023ರಲ್ಲಿ ಹೇಳಿತು. ಅದು ದುಡಿಯುವ ಎಲ್ಲ ತಾಯಂದಿರಿಗೂ ಸಿಗಬೇಕಲ್ಲವೆ? ಗಾರ್ಮೆಂಟ್ಸಿಗೆ ಹೋಗುವವಳ ಕೂಸು ಕೂಸಲ್ಲವೆ? ಮುಂದಿನ ಗ್ರಾಮಸಭೆಗೆ ಎಲ್ಲ ಸಂಘದವರೂ ಬನ್ನಿ, ಇದನ್ನೇ ಕೇಳೋಣ. ಆ ಯಜಮಾನರನ್ನೂ ಕರೆದಿದ್ದೇನೆ.