ರುಜು ಕೇಳದ ಪುಸ್ತಕದ ಗೂಡು



ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಹಾಲಿನ ಬೂತಿನ ಪಕ್ಕ ಒಂದು ಮರದ ಗೂಡಿದೆ. ನಮ್ಮ ಸಂಘದವರೇ ಇಟ್ಟದ್ದು. ಬೀಗವಿಲ್ಲ, ರಿಜಿಸ್ಟರ್ ಇಲ್ಲ, ಠೇವಣಿಯೂ ಇಲ್ಲ. ಹಳೆಯ ಕಾದಂಬರಿ, ಮಕ್ಕಳ ಕತೆಗಳ ನಡುವೆ ನಾವೇ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದ ಎಂಟು ಪುಟದ ಪುಸ್ತಿಕೆಗಳಿರುತ್ತವೆ. ವರದಕ್ಷಿಣೆ ಕೇಳಿದರೆ, ಹೊಡೆದರೆ, ಮನೆಯಿಂದ ಹೊರಹಾಕಿದರೆ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ಅವುಗಳಲ್ಲಿದೆ. ಬೇಕಾದವರು ಒಯ್ಯಬಹುದು. ವಾಪಸು ಕೊಡಬೇಕಿಲ್ಲ.

ಇದಕ್ಕೂ ತಕರಾರು! ಕಳೆದ ಸಭೆಯಲ್ಲಿ ಮೂರು ಮಾತು ಕೇಳಿಬಂದವು.

‘ಇದು ಮನೆ ಮುರಿಯುವ ಕಾಗದ’ ಎಂದರು ಒಬ್ಬರು. ಮನೆ ಮುರಿಯುವುದು ಕಾಗದವೋ, ಕೈ ಎತ್ತುವವನೋ? 2011ರಲ್ಲಿ ಒಂದು ರಾತ್ರಿ ಗಂಡ ನನ್ನನ್ನೂ ಮಗುವನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡ. ಬೆಳಗಿನವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಠಾಣೆಗೆ ಹೋದರೆ ‘ಹೊಂದಿಕೊಂಡು ಹೋಗಮ್ಮ’ ಎಂದರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದಲೇ ಜಾರಿಯಲ್ಲಿತ್ತು. ಮನೆ ಯಾರ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ ಎಂದು ಅದರ 17ನೇ ಕಲಂ ಹೇಳುತ್ತದೆ. ದೂರು ತಂದ ಹೆಂಗಸಿಗೆ ಅವಳ ಹಕ್ಕುಗಳನ್ನು ಪೊಲೀಸರು ತಿಳಿಸಲೇಬೇಕು ಎನ್ನುತ್ತದೆ 5ನೇ ಕಲಂ. ನನಗೆ ಯಾರೂ ಹೇಳಲಿಲ್ಲ. ಐದು ವರ್ಷದಿಂದ ನನ್ನದಾಗಿದ್ದ ಹಕ್ಕು ನನಗೇ ಗೊತ್ತಿರಲಿಲ್ಲ.

‘ಈಗ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ’ ಎಂಬುದು ಎರಡನೆಯ ಮಾತು. ಯಾರ ಫೋನು? ರಾತ್ರಿ ಅದನ್ನು ಕಸಿದು, ಯಾರಿಗೆ ಮಾಡಿದೆ, ಏನು ನೋಡಿದೆ ಎಂದು ತಡಕುವ ಗಂಡಂದಿರು ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಕಾಗದವನ್ನಾದರೆ ಅಕ್ಕಿ ಡಬ್ಬದಲ್ಲಿ ಬಚ್ಚಿಡಬಹುದು, ಓದಿ ಒಲೆಗೆ ಹಾಕಬಹುದು.

ಮೂರನೆಯದು, ‘ಒಯ್ದವರ ಹೆಸರು ಬರೆಸಿಕೊಳ್ಳಿ’. ಉಳಿತಾಯಕ್ಕೆ, ಸಾಲಕ್ಕೆ ರುಜು ಹಾಕಿ ಹಾಕಿ ನಮಗೆ ಅದೇ ರೂಢಿಯಾಗಿದೆ. ಲೆಕ್ಕಕ್ಕೆ ಅದು ಸರಿ. ಆದರೆ ಏಟು ತಿಂದವಳು ಬೀದಿಯಲ್ಲಿ ನಿಂತು ತನ್ನ ಹೆಸರು ಬರೆಯುತ್ತಾಳೆಯೆ? ಬರೆದರೆ ಆ ಪುಸ್ತಕ ಯಾರ ಕೈಗೆ ಹೋಗುತ್ತದೆ? ಸೋಮವಾರ ಇಪ್ಪತ್ತು ಪುಸ್ತಿಕೆ ಇಟ್ಟರೆ ಶನಿವಾರಕ್ಕೆ ಆರೋ ಏಳೋ ಉಳಿದಿರುತ್ತವೆ. ಯಾರು ಒಯ್ದರೋ ಗೊತ್ತಿಲ್ಲ. ಗೊತ್ತಾಗಲೂಬಾರದು.

ಹೆಂಗಸರಿಗಾಗಿ ಹೆಂಗಸರೇ ಅಚ್ಚು ಹಾಕಿಸುವುದು ಕನ್ನಡಕ್ಕೆ ಹೊಸತಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) ‘ಸತಿ ಹಿತೈಷಿಣಿ’ ಮಾಲೆಯಲ್ಲಿ ಪುಸ್ತಕ ತಂದು ನೂರು ವರ್ಷ ದಾಟಿತು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಪಂಚಾಯಿತಿಗಳೇ ಬಸ್ ತಂಗುದಾಣಗಳಲ್ಲಿ ‘ಪುಸ್ತಕ ಗೂಡು’ ಇಟ್ಟಿವೆ. ನಮ್ಮ ಬಡಾವಣೆಗಳಲ್ಲಿ ಯಾಕಾಗಬಾರದು?

ಹಾಗೆಂದು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಈ ಕಾಯ್ದೆಗೆ ವ್ಯಾಪಕ ಪ್ರಚಾರ ಕೊಡುವುದು ಸರ್ಕಾರದ ಕರ್ತವ್ಯವೆಂದು 11ನೇ ಕಲಮಿನಲ್ಲೇ ಇದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಬೇರೆ ವಸೂಲಾಗುತ್ತದೆ. ಬಾಡಿಗೆ ಮನೆಯವರೂ ಬಾಡಿಗೆಯಲ್ಲಿ ಅದನ್ನು ತೆರುತ್ತಿದ್ದೇವೆ. ಪ್ರತಿ ಶಾಖಾ ಗ್ರಂಥಾಲಯದ ಬಾಗಿಲಲ್ಲೂ ಇಂಥ ಪುಸ್ತಿಕೆ ಪುಕ್ಕಟೆ ಸಿಗಲಿ ಎಂದು ಕೇಳೋಣ, ಅರ್ಜಿ ಕೊಡೋಣ.

ಅಲ್ಲಿಯವರೆಗೆ ನಿಮ್ಮ ಸಂಘವೂ ಒಂದು ಗೂಡು ಇಡಲಿ. ಪುಸ್ತಿಕೆಯ ಮೇಲೆ ರಂಗೋಲಿ ಚಿತ್ರವಿರಲಿ, ನೋಡಿದವರಿಗೆ ಅನುಮಾನ ಬರುವುದಿಲ್ಲ. ಒಳಗೆ ದೊಡ್ಡ ಅಕ್ಷರದಲ್ಲಿ ಇಷ್ಟು ಬರೆಯಿರಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. ಹಳೆಯ 498ಎ ರದ್ದಾಯಿತೆಂದು ಹೆದರಿಸುವವರಿದ್ದಾರೆ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ವರದಕ್ಷಿಣೆ ಕೊಟ್ಟದ್ದೂ ತಪ್ಪಲ್ಲವೆ ಎಂದು ಬಾಯಿ ಮುಚ್ಚಿಸಿದರೆ ಅಂಜಬೇಡಿ. ನೊಂದವಳು ಕೊಟ್ಟ ಹೇಳಿಕೆಗಾಗಿ ಅವಳ ಮೇಲೆಯೇ ವರದಕ್ಷಿಣೆ ಮೊಕದ್ದಮೆ ಹೂಡುವಂತಿಲ್ಲ.

ಓದು ಬಾರದ ಅಕ್ಕನಿಗೆ ನಲ್ಲಿಯ ಹತ್ತಿರ ಓದಿ ಹೇಳಿ. ಯಾರಿಗಾಗಿ ಎಂದು ಮಾತ್ರ ಕೇಳಬೇಡಿ.