ಎರವಿನ ಹಾಡು, ಸ್ವಂತದ ಹಕ್ಕು

ಹೊರಗಿನಿಂದ ಬಂದುದೆಲ್ಲವೂ ಒಳಗಿನದನ್ನು ಕೆಡಿಸುವುದೆಂಬ ಭಯವು ಪ್ರತಿಯೊಂದು ದೇಶದ ಕಲಾಭಿಮಾನಿಗಳಲ್ಲಿಯೂ ಒಂದಲ್ಲ ಒಂದು ಕಾಲದಲ್ಲಿ ತಲೆಯೆತ್ತುವುದುಂಟು. ಅಭಿಮಾನದಿಂದ ಹುಟ್ಟಿದ ಭಯವಾದುದರಿಂದ ಅದು ಗೌರವಾರ್ಹವೇ ಸರಿ. ಆದರೆ ಅದು ಯಾವಾಗಲೂ ನಿಜವಾದ ಅಪಾಯದ ಕಡೆಗೇ ದೃಷ್ಟಿಯಿಟ್ಟಿರುವುದೆಂದು ಹೇಳಲಾಗದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಬೆಳೆದು 'ಕಂಟ್ರಿ' ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಂಗೀತದ ಚರಿತ್ರೆಯಲ್ಲಿ ಈ ವಿಷಯವನ್ನು ಒರೆಗೆ ಹಚ್ಚಿ ನೋಡಲು ತಕ್ಕ ಪ್ರಕರಣವೊಂದಿದೆ. ಶ್ರೀಮತಿ ಡಾಲಿ ಪಾರ್ಟನ್‌ರವರು ೧೯೭೭ರ ಅಕ್ಟೋಬರಿನಲ್ಲಿ ಹೊರತಂದ 'ಹಿಯರ್ ಯೂ ಕಮ್ ಎಗೈನ್' ಎಂಬ ಆಲ್ಬಮ್ಮೇ ಆ ಪ್ರಕರಣ. ಅಂದು ಅದು ಎಬ್ಬಿಸಿದ ಪ್ರಶ್ನೆಯು ಇಂದಿಗೂ ಆರಿಲ್ಲ. ಮತ್ತು ಅದು ಅಮೆರಿಕೆಯವರಿಗೆ ಮಾತ್ರ ಸೇರಿದ ಪ್ರಶ್ನೆಯೂ ಅಲ್ಲ.

ಶ್ರೀಮತಿ ಪಾರ್ಟನ್‌ರವರು ೧೯೪೬ರ ಜನವರಿಯಲ್ಲಿ ಟೆನೆಸೀ ಸಂಸ್ಥಾನದ ಪೂರ್ವಕ್ಕಿರುವ ಸ್ಮೋಕಿ ಪರ್ವತಗಳ ತಪ್ಪಲಿನಲ್ಲಿ, ಬಡ ಬೇಸಾಯಗಾರನೊಬ್ಬನ ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರಾಗಿ ಜನಿಸಿದರು. ಹೆರಿಗೆಗೆ ಬಂದ ವೈದ್ಯರಿಗೆ ಹಣ ಕೊಡುವ ಶಕ್ತಿಯಿಲ್ಲದೆ ತಂದೆಯು ಒಂದು ಚೀಲ ಮುಸುಕಿನ ಜೋಳದ ಹಿಟ್ಟನ್ನು ಕೊಟ್ಟರೆಂಬುದನ್ನು ಅವರೇ ಅನೇಕ ಸಲ ಹೇಳಿರುವರು. ೧೯೬೪ರಲ್ಲಿ ಹೈಸ್ಕೂಲು ಓದು ಮುಗಿದ ಮರುದಿನವೇ ಅವರು ಕಂಟ್ರಿ ಸಂಗೀತದ ರಾಜಧಾನಿಯೆನಿಸಿದ ನ್ಯಾಷ್‌ವಿಲ್ ನಗರಕ್ಕೆ ಹೊರಟರು. ೧೯೬೭ರಿಂದ ಏಳು ವರ್ಷ ಪೋರ್ಟರ್ ವ್ಯಾಗನರ್ ಎಂಬ ಹೆಸರಾಂತ ಗಾಯಕರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಿದರು. ತಾಯಿಯು ಚಿಂದಿಗಳನ್ನು ಜೋಡಿಸಿ ಹೊಲಿದುಕೊಟ್ಟ ಕೋಟನ್ನು ಕುರಿತು ಅವರು ಬರೆದು ಹಾಡಿದ 'ಕೋಟ್ ಆಫ್ ಮೆನಿ ಕಲರ್ಸ್' ೧೯೭೧ರಲ್ಲಿಯೂ, 'ಜೋಲೀನ್' ೧೯೭೩ರಲ್ಲಿಯೂ ಹೊರಬಂದವು. ಕೇವಲ ಕಂಠಸೌಷ್ಠವದಿಂದ ಮೆರೆದ ಗಾಯಕಿ ಅವರಲ್ಲ. ತಮ್ಮ ಹಾಡನ್ನು ತಾವೇ ಕಟ್ಟಬಲ್ಲ ಕವಯಿತ್ರಿ. ಆದ ಕಾರಣವೇ ೧೯೭೭ರಲ್ಲಿ ಅವರು ಇಟ್ಟ ಹೆಜ್ಜೆಯು ಅಭಿಮಾನಿಗಳ ಮನಸ್ಸನ್ನು ಅಷ್ಟೊಂದು ಕಲಕಿತು.

ಆ ದೇಶದಲ್ಲಿ ಕಂಟ್ರಿ ಸಂಗೀತಕ್ಕೆ ಒಂದು ಪೇಟೆ, ನಗರವಾಸಿಗಳೇ ಮೊದಲಾಗಿ ಎಲ್ಲರೂ ಕೇಳುವ 'ಪಾಪ್' ಸಂಗೀತಕ್ಕೆ ಇನ್ನೊಂದು ಪೇಟೆ. ರೇಡಿಯೋ ನಿಲಯಗಳೂ ಬೇರೆ, ವಾರವಾರವೂ ಪ್ರಕಟವಾಗುವ ಜನಪ್ರಿಯತೆಯ ಪಟ್ಟಿಗಳೂ ಬೇರೆ. ೧೯೭೭ರ ಆರಂಭದಲ್ಲಿ ಶ್ರೀಮತಿ ಪಾರ್ಟನ್‌ರವರು ಬಹುಪಾಲು ಸ್ವಂತ ರಚನೆಗಳಿಂದಲೇ ಕೂಡಿದ ಒಂದು ಆಲ್ಬಮ್ಮಿನಿಂದ ಈ ಗಡಿಯನ್ನು ದಾಟಲೆತ್ನಿಸಿ ನಿರೀಕ್ಷಿಸಿದ ಫಲವನ್ನು ಕಾಣಲಿಲ್ಲ. ಆ ವರ್ಷವೇ ಅವರು ಲಾಸ್ ಏಂಜಲೀಸ್ ನಗರಕ್ಕೆ ಹೋಗಿ, ಗ್ಯಾರಿ ಕ್ಲೈನ್ ಎಂಬ ನಿರ್ಮಾಪಕರ ಕೈಕೆಳಗೆ ಹತ್ತು ಹಾಡುಗಳನ್ನು ಮುದ್ರಿಸಿದರು. ಹತ್ತರಲ್ಲಿ ನಾಲ್ಕು ಮಾತ್ರವೇ ಅವರು ಬರೆದವು. ಉಳಿದ ಆರು ಪರರವು. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ಬ್ಯಾರಿ ಮಾನ್ ಮತ್ತು ಸಿಂಥಿಯಾ ವೈಲ್ ಎಂಬ ದಂಪತಿಗಳದು. ಇವರು ನ್ಯೂಯಾರ್ಕಿನ ವೃತ್ತಿನಿರತ ಗೀತಕಾರರ ಪಂಕ್ತಿಯಿಂದ ಬಂದವರು. ಪರ್ವತದ ಹಳ್ಳಿಗೂ ಇವರಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಹಾಡು ಪಾಪ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಕಂಟ್ರಿ ಪಟ್ಟಿಯಲ್ಲಿ ಐದು ವಾರ ಅಗ್ರಸ್ಥಾನದಲ್ಲಿ ನಿಂತಿತು. ಆಲ್ಬಮ್ಮಿಗೆ ಹತ್ತು ಲಕ್ಷ ಪ್ರತಿಗಳ ಮಾರಾಟವನ್ನು ಸೂಚಿಸುವ ಪ್ಲಾಟಿನಮ್ ಮನ್ನಣೆ ದೊರೆಯಿತು. ಅವರಿಗೆ ಅದೇ ಮೊದಲನೆಯದು.

ಆಕ್ಷೇಪಿಸಿದವರ ಮನಸ್ಸನ್ನು ನಾವು ತಿಳಿದುಕೊಳ್ಳಬೇಕು. ಅದಕ್ಕೆ ಮೂರು ವರ್ಷ ಮೊದಲು, ೧೯೭೪ರಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್‌ರವರಿಗೆ ಕಂಟ್ರಿ ಸಂಗೀತ ಸಂಘವು ವರ್ಷದ ಶ್ರೇಷ್ಠ ಗಾಯಕಿಯೆಂಬ ಪ್ರಶಸ್ತಿಯನ್ನು ಕೊಟ್ಟಿತು. ನೊಂದ ಹಳೆಯ ಕಲಾವಿದರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್‌ರವರ ಮನೆಯಲ್ಲಿ ಸೇರಿ ತಮ್ಮದೇ ಆದ ಬೇರೊಂದು ಸಂಘವನ್ನು ಕಟ್ಟಿಕೊಂಡರು. ಮರುವರ್ಷ ಜಾನ್ ಡೆನ್ವರ್‌ರವರಿಗೆ ಅತ್ಯುನ್ನತ ಪ್ರಶಸ್ತಿಯನ್ನು ಘೋಷಿಸಬೇಕಾಗಿದ್ದ ಚಾರ್ಲಿ ರಿಚ್‌ರವರು ಹೆಸರಿದ್ದ ಕಾಗದವನ್ನು ರಂಗದ ಮೇಲೆಯೇ ಸುಟ್ಟರು. ಬಹುಮಂದಿ ಅದನ್ನು ಪ್ರತಿಭಟನೆಯೆಂದೇ ಭಾವಿಸಿದರು. ಹೊಸ ಸಂಘದ ಆರಂಭದಲ್ಲಿ ಶ್ರೀಮತಿ ಪಾರ್ಟನ್‌ರವರೂ ಇದ್ದರೆಂಬುದನ್ನು ನೆನೆದರೆ, ಮೂರೇ ವರ್ಷಗಳಲ್ಲಿ ಅವರು ಲಾಸ್ ಏಂಜಲೀಸಿನ ಹಾದಿ ಹಿಡಿದಾಗ ಜೊತೆಗಾರರಿಗೆ ಆದ ವೇದನೆಯು ಅರ್ಥವಾಗದೆ ಇರದು. ಮನೆಯ ಕಾವಲಿಗೆ ನಿಂತವರೇ ಬಾಗಿಲನ್ನು ತೆರೆದರೆಂದು ಅವರಿಗೆ ತೋರಿತು.

ಆದರೆ ಈ ಮನೆಗೆ ಬಾಗಿಲು ಎಂದು ಮುಚ್ಚಿತ್ತು? ಕಂಟ್ರಿ ಸಂಗೀತದ ವ್ಯಾಪಾರವು ೧೯೨೭ರಲ್ಲಿ ಟೆನೆಸೀ ಮತ್ತು ವರ್ಜೀನಿಯಾ ಸಂಸ್ಥಾನಗಳ ಗಡಿಯೂರಾದ ಬ್ರಿಸ್ಟಲ್‌ನಲ್ಲಿ ಬೇರೂರಿತೆಂದು ಚರಿತ್ರಕಾರರು ಹೇಳುವರು. ಅಲ್ಲಿಗೆ ಯಂತ್ರಗಳನ್ನು ಹೊತ್ತು ಬಂದ ರಾಲ್ಫ್ ಪೀರ್ ಎಂಬವರು ಹೊರಗಿನವರು. ಅವರು ಬೆಳಕಿಗೆ ತಂದ ಕಾರ್ಟರ್ ಕುಟುಂಬದ ಏ. ಪಿ. ಕಾರ್ಟರ್‌ರವರು ಬೆಟ್ಟದ ಹಳ್ಳಿಗಳನ್ನು ಸುತ್ತಿ ಹಾಡುಗಳನ್ನು ಸಂಗ್ರಹಿಸಿದಾಗ, ಧಾಟಿಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದವರು ಲೆಸ್ಲಿ ರಿಡಲ್ ಎಂಬ ಕರಿಯ ಜನಾಂಗದ ವಾದಕರು. ಈ ಸಂಗೀತದ ಬ್ಯಾಂಜೋ ವಾದ್ಯದ ಮೂಲವು ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದವರಲ್ಲಿದೆ. ಅದರ ಪಿಟೀಲು ಯೂರೋಪಿನದು. ನಮ್ಮ ನಾಡಿನ ಗಾಯಕರ ಪಕ್ಕದಲ್ಲಿ ಕುಳಿತು ಇಂದು ನಮ್ಮದೇ ಆಗಿಹೋಗಿರುವ ವಾದ್ಯವೂ ಅದೇ.

ಇದಕ್ಕಿಂತಲೂ ಸ್ವಾರಸ್ಯವಾದ ನಿದರ್ಶನವು ಪ್ರಕೃತ ಆಲ್ಬಮ್ಮಿನಲ್ಲಿಯೇ ಇದೆ. ಹೆಸರಿನ ಹಾಡು ತೀರ ಪಟ್ಟಣದ ಧಾಟಿಯದಾಯಿತೆಂದು ಶ್ರೀಮತಿ ಪಾರ್ಟನ್‌ರವರಿಗೆ ಅಳುಕು ಹುಟ್ಟಿತು. ತಮ್ಮ ಹಳೆಯ ಶ್ರೋತೃಗಳು ಗುರುತಿಸುವಂತೆ ಅದರಲ್ಲಿ ಸ್ಟೀಲ್ ಗಿಟಾರಿನ ನಾದವಿರಲೇಬೇಕೆಂದು ಅವರು ನಿರ್ಮಾಪಕರನ್ನು ಒತ್ತಾಯಪಡಿಸಿದರು. ಹಾಗೆಯೇ ಅದು ಸೇರಿತು. ಆ ವಾದ್ಯವಾದರೋ ಕಂಟ್ರಿ ಸಂಗೀತದ ಕುಲಚಿಹ್ನೆಯೆಂದು ಎಲ್ಲರೂ ಒಪ್ಪಿದುದು. ಆದರೆ ಅದರ ವಾದನಕ್ರಮವು ಹುಟ್ಟಿದುದು ಟೆನೆಸೀಯಲ್ಲಲ್ಲ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ! ಅಜ್ಜನ ಕಾಲದಲ್ಲಿ ಹೊರಗಿನದಾಗಿದ್ದುದು ಮೊಮ್ಮಗಳ ಕಾಲಕ್ಕೆ ಮನೆತನದ ಗುರುತಾಯಿತು. ಆದುದರಿಂದ ಹೊರಗಿನದೆಂಬ ಒಂದೇ ಕಾರಣದಿಂದ ಯಾವುದನ್ನೂ ಅಪರಾಧಿಯನ್ನಾಗಿ ನಿಲ್ಲಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಭಯಪಡತಕ್ಕದ್ದು ಏನೂ ಇಲ್ಲವೇ? ಉಂಟು, ಅದು ಬೇರೆ ಕಡೆಯಲ್ಲಿದೆ. ಮೇಲೆ ಹೇಳಿದ ರಾಲ್ಫ್ ಪೀರ್‌ರವರು ಬ್ರಿಸ್ಟಲ್‌ಗೆ ಬಂದುದು ಬರಿಯ ಧ್ವನಿಯನ್ನು ಮುದ್ರಿಸಲಿಕ್ಕಲ್ಲ. ತಮ್ಮ ಪ್ರಕಾಶನದ ಮೂಲಕ ಹಕ್ಕನ್ನು ಪಡೆಯಬಹುದಾದ ಹಾಡುಗಳನ್ನೇ ಅವರು ಹುಡುಕುತ್ತಿದ್ದರು. ಅವರ ಸಂಪತ್ತು ಆ ಹಕ್ಕಿನಿಂದ ಬೆಳೆಯಿತು. ಒಂದು ರೆಕಾರ್ಡಿನಲ್ಲಿ ಎರಡು ಬಗೆಯ ಸ್ವತ್ತು ಅಡಗಿರುತ್ತದೆ: ಹಾಡಿನ ರಚನೆಯ ಹಕ್ಕು ಒಂದು, ಮುದ್ರಿತವಾದ ಧ್ವನಿಯ ಹಕ್ಕು ಮತ್ತೊಂದು. ಅಮೆರಿಕೆಯ ಸಾಮಾನ್ಯ ರೇಡಿಯೋ ನಿಲಯಗಳು ಹಾಡನ್ನು ಪ್ರಸಾರಮಾಡಿದಾಗ ಬರೆದವರಿಗೂ ಪ್ರಕಾಶಕರಿಗೂ ಸಂಭಾವನೆ ಸಲ್ಲುವುದೇ ಹೊರತು, ಹಾಡಿದವರಿಗೆ ಸಲ್ಲುವುದಿಲ್ಲ. ಬೆಟ್ಟದ ಬಡವನ ಹಾಡು ಪರರ ಹೆಸರಿನಲ್ಲಿ ದಾಖಲಾದ ದಿನ ಅವನ ಮನೆಯಿಂದ ಹೋದುದು ಏನೆಂಬುದನ್ನು, ಕಾಗದಪತ್ರಗಳ ಬೆಲೆಯನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಈ ರಹಸ್ಯವನ್ನು ಶ್ರೀಮತಿ ಪಾರ್ಟನ್‌ರವರು ಚೆನ್ನಾಗಿ ಅರಿತಿದ್ದರು. ವ್ಯಾಗನರ್‌ರವರ ತಂಡದಿಂದ ಬೀಳ್ಕೊಳ್ಳುವ ಸಂದರ್ಭದಲ್ಲಿ ಅವರು ರಚಿಸಿದ 'ಐ ವಿಲ್ ಆಲ್ವೇಸ್ ಲವ್ ಯೂ' ಎಂಬ ಹಾಡು ೧೯೭೪ರಲ್ಲಿ ಕಂಟ್ರಿ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಅದನ್ನು ಹಾಡಲು ಸ್ವತಃ ಎಲ್ವಿಸ್ ಪ್ರೆಸ್ಲಿಯವರೇ ಇಚ್ಛಿಸಿದರು. ಆದರೆ ಅವರ ವ್ಯವಸ್ಥಾಪಕರಾದ ಕರ್ನಲ್ ಟಾಮ್ ಪಾರ್ಕರ್‌ರವರು ಪ್ರಕಾಶನದ ಹಕ್ಕಿನಲ್ಲಿ ಅರ್ಧವನ್ನು ಬಿಟ್ಟುಕೊಡಬೇಕೆಂದು ಷರತ್ತು ಹಾಕಿದರು. ಇಡೀ ಜಗತ್ತೇ ಕೊಂಡಾಡುತ್ತಿದ್ದ ಗಾಯಕನ ಕಂಠದಲ್ಲಿ ತನ್ನ ಹಾಡು ಮೊಳಗುವ ಭಾಗ್ಯವನ್ನು ಯಾರು ತಾನೇ ಸುಲಭವಾಗಿ ನೂಕಿಯಾರು? ಶ್ರೀಮತಿ ಪಾರ್ಟನ್‌ರವರು ಅತ್ತುಕೊಂಡೇ ಒಲ್ಲೆನೆಂದರು. ಎಲ್ವಿಸ್‌ರವರು ೧೯೭೭ರ ಆಗಸ್ಟಿನಲ್ಲಿ ಆ ಹಾಡನ್ನು ಮುದ್ರಿಸದೆಯೇ ತೀರಿಕೊಂಡರು. ೧೯೯೨ರಲ್ಲಿ ವಿಟ್ನಿ ಹೂಸ್ಟನ್‌ರವರು ಅದನ್ನೇ ಒಂದು ಚಲನಚಿತ್ರಕ್ಕಾಗಿ ಹಾಡಿದಾಗ ಅದು ಹದಿನಾಲ್ಕು ವಾರ ಪಾಪ್ ಪಟ್ಟಿಯ ಶಿಖರದಲ್ಲಿ ನಿಂತಿತು. ರಚನೆಯ ಫಲವು ರಚಿಸಿದವರಿಗೇ ಸಂದಿತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಾವು ಕೋರುತ್ತೇವೆ. ತನ್ನ ಹಾಡಿನ ಅರ್ಧ ಹಕ್ಕನ್ನು ಎಲ್ವಿಸ್‌ನಿಗಾದರೂ ಕೊಡಲೊಪ್ಪದವರು, ಮೂರು ವರ್ಷಗಳಲ್ಲಿ ಮಾನ್ ದಂಪತಿಗಳ ಹಾಡನ್ನು ಸಂತೋಷದಿಂದ ಸ್ವೀಕರಿಸಿ, ಅದರ ರಚನೆಯ ಸಂಭಾವನೆ ಆ ದಂಪತಿಗಳಿಗೇ ಸಲ್ಲಲೆಂದು ಒಪ್ಪಿದರು. ಇವೆರಡರಲ್ಲಿ ವಿರೋಧವಿಲ್ಲ, ಎರಡೂ ಒಂದೇ ವಿವೇಕದಿಂದ ಹೊರಟವು. ಎರವು ತಂದ ಒಡವೆಯನ್ನು ಎರವೆಂದು ಒಪ್ಪಿ ತೊಟ್ಟು, ಸ್ವಂತದ ಒಡವೆಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಬೀಗದ ಕೈಯನ್ನು ತನ್ನ ಸೆರಗಿಗೇ ಕಟ್ಟಿಕೊಂಡ ಗೃಹಿಣಿಯ ನಡತೆಯಿದು. ತಾವು ಕಂಟ್ರಿಯನ್ನು ಬಿಟ್ಟು ಹೋಗುತ್ತಿಲ್ಲ, ಅದನ್ನು ಜೊತೆಯಲ್ಲಿ ಕರೆದೊಯ್ಯುತ್ತಿರುವೆವೆಂಬ ಅರ್ಥದ ಸಮಾಧಾನವನ್ನು ಅವರು ಆಗ ಹೇಳಿದುದುಂಟು. ಅದೇ ಆಲ್ಬಮ್ಮಿನಲ್ಲಿ, ಬಡ ಹುಡುಗಿಯೊಬ್ಬಳು ತನ್ನ ನಾಯಿಮರಿಯೊಡನೆ ರಾತ್ರಿಯಲ್ಲಿ ಪರರ ಬಾಗಿಲಿಗೆ ಬಂದು ಅಲ್ಲಿಯೇ ಪ್ರಾಣಬಿಡುವ ಕಥೆಯುಳ್ಳ 'ಮಿ ಅಂಡ್ ಲಿಟ್ಲ್ ಆ್ಯಂಡಿ' ಎಂಬ ಅವರ ಸ್ವಂತ ಹಾಡಿರುವುದು ಈ ಮಾತಿಗೆ ಸಾಕ್ಷಿ. ಬೆಟ್ಟದ ಶೋಕಗೀತದ ಜಾತಿಗೇ ಸೇರಿದ ಆ ಹಾಡು ಪಟ್ಟಣದ ಥಳಕಿನ ನಡುವೆ ನಾಚದೆ ಕುಳಿತಿದೆ.

ಇಷ್ಟು ಹೇಳಿದ ಮಾತ್ರಕ್ಕೆ ನಷ್ಟವೇ ಆಗಲಿಲ್ಲವೆಂದು ವಾದಿಸುವುದು ಪ್ರಾಮಾಣಿಕತೆಯಾಗದು. ಆಲ್ಬಮ್ಮಿನಲ್ಲಿದ್ದ 'ಟೂ ಡೋರ್ಸ್ ಡೌನ್' ಎಂಬ ಅವರದೇ ರಚನೆಯನ್ನು ೧೯೭೮ರಲ್ಲಿ ಪಾಪ್ ಶ್ರೋತೃಗಳಿಗಾಗಿ ಮತ್ತೆ ಹಾಡಿಸಿ, ಆಮೇಲಿನ ಮುದ್ರಣಗಳಲ್ಲಿ ಮೊದಲಿನದನ್ನು ತೆಗೆದು ಹೊಸದನ್ನೇ ಸೇರಿಸಲಾಯಿತು. ಪರರ ಹಾಡು ಪಕ್ಕದಲ್ಲಿ ಕುಳಿತುದು ದೋಷವಲ್ಲ. ಸ್ವಂತದ ಹಾಡನ್ನು ಎಬ್ಬಿಸಿ ವೇಷ ಬದಲಿಸಿದುದು ದೋಷ. ಅಲ್ಲದೆ ಎಲ್ಲ ಕಲಾವಿದರಿಗೂ ಶ್ರೀಮತಿ ಪಾರ್ಟನ್‌ರವರಷ್ಟು ಕೀರ್ತಿಬಲವಿಲ್ಲ. ಒಲ್ಲೆನೆನ್ನಲು ಶಕ್ತಿಯಿಲ್ಲದ ಹೊಸ ಗಾಯಕಿಯ ಮುಂದೆ ಇಡಲ್ಪಡುವ ಪರರ ಹಾಡು ಅವಳ ಆಯ್ಕೆಯಾಗದೆ ಅಪ್ಪಣೆಯಾಗುತ್ತದೆ. ಹಳೆಯ ಕಲಾವಿದರ ಅಳಲಿನಲ್ಲಿ ಈ ಭಾಗ ಪೂರ್ಣವಾಗಿ ನಿಜ.

ಆದರೂ ಕಾಲವು ಕೊಟ್ಟ ತೀರ್ಪನ್ನು ಕಡೆಗಣಿಸಲಾಗದು. ೧೯೮೦ರಲ್ಲಿ ಕಚೇರಿಗಳಲ್ಲಿ ದುಡಿಯುವ ಹೆಂಗಸರ ಬವಣೆಯನ್ನು ಕುರಿತ 'ನೈನ್ ಟು ಫೈವ್' ಎಂಬ ಹಾಡನ್ನು ಅವರು ತಾವೇ ಬರೆದರು. ಮರುವರ್ಷ ಅದು ಕಂಟ್ರಿ ಮತ್ತು ಪಾಪ್ ಪಟ್ಟಿಗಳೆರಡರಲ್ಲಿಯೂ ಮೊದಲನೆಯದಾಯಿತು. ಎರವಿನ ಹಾಡು ತೆರೆದ ದಾರಿಯಲ್ಲಿ ಸ್ವಂತದ ಹಾಡು ನಡೆಯಿತು. ೧೯೯೯ರಲ್ಲಿ ಅವರು 'ದ ಗ್ರಾಸ್ ಈಸ್ ಬ್ಲೂ' ಎಂಬ ಆಲ್ಬಮ್ಮಿನಿಂದ ಬೆಟ್ಟದ ನಾಡಿನ ತಂತಿವಾದ್ಯಗಳ ಸಂಗೀತಕ್ಕೆ ಮರಳಿ, ಅದಕ್ಕಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಹೋದವರು ಮರಳಿ ಬರಬಲ್ಲರೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನವು ಬೇಕಾಗಿಲ್ಲ.

ನಮ್ಮ ಕಾಲದ ಟೇಲರ್ ಸ್ವಿಫ್ಟ್‌ರವರ ವೃತ್ತಾಂತವೂ ಇದನ್ನೇ ದೃಢಪಡಿಸುತ್ತದೆ. ಕಂಟ್ರಿ ಗಾಯಕಿಯಾಗಿದ್ದ ಅವರು ೨೦೧೨ರ 'ರೆಡ್' ಆಲ್ಬಮ್ಮಿನ ಮೂರು ಹಾಡುಗಳನ್ನು ಮ್ಯಾಕ್ಸ್ ಮಾರ್ಟಿನ್ ಮತ್ತು ಶೆಲ್‌ಬ್ಯಾಕ್ ಎಂಬ ಸ್ವೀಡನ್ನಿನ ಗೀತಕಾರರೊಡನೆ ಕೂಡಿ ರಚಿಸಿದಾಗ, ಇದು ಕಂಟ್ರಿಯೇ ಎಂದು ಕೇಳಿದವರು ಅನೇಕರು. ಆದರೆ ನಿಜವಾದ ಪೆಟ್ಟು ಸ್ವೀಡನ್ನಿನಿಂದ ಬೀಳಲಿಲ್ಲ. ೨೦೧೯ರಲ್ಲಿ ನ್ಯಾಷ್‌ವಿಲ್‌ನ ಕಂಪೆನಿಯೇ ಅವರ ಮೊದಲ ಆರು ಆಲ್ಬಮ್ಮುಗಳ ಮುದ್ರಿತ ಧ್ವನಿಯ ಹಕ್ಕುಗಳೊಡನೆ ಮಾರಾಟವಾಯಿತು. ಆಮೇಲೆ ೨೦೨೧ರಿಂದ ಅವರು ಆ ಆಲ್ಬಮ್ಮುಗಳನ್ನು ಒಂದೊಂದಾಗಿ ಪುನಃ ಹಾಡಿ ಮುದ್ರಿಸತೊಡಗಿದರು. ೨೦೨೫ರ ಮೇ ತಿಂಗಳಿನಲ್ಲಿ ಮೂಲ ಧ್ವನಿಗಳನ್ನೇ ಮರಳಿ ಕೊಂಡುಕೊಂಡರು. ಹೊರಗಿನ ಗೀತಕಾರರು ಅವರಿಂದ ಏನನ್ನೂ ಕಸಿಯಲಿಲ್ಲ. ಕಳೆದುಹೋದುದು ಊರಿನೊಳಗೇ ಬರೆದ ಕರಾರಿನ ಮೂಲಕ.

ಇದರಿಂದ ನಾವು ಗ್ರಹಿಸತಕ್ಕ ನೀತಿ ಸ್ಪಷ್ಟವಾಗಿದೆ. ನಾಡಿನ ಕಲೆಯ ರಕ್ಷಣೆಗೆಂದು ಹೊರಟವರು ಹಾಡಿನ ಜಾತಕವನ್ನು ಕೇಳುವುದರಲ್ಲಿಯೇ ತಮ್ಮ ಶಕ್ತಿಯನ್ನು ವ್ಯಯಮಾಡಬಾರದು. ಈ ಹಾಡನ್ನು ಕಲಾವಿದನು ಸ್ವಂತ ಇಚ್ಛೆಯಿಂದ ಆರಿಸಿಕೊಂಡನೇ, ಅವನು ಬರೆದುದರ ಹಕ್ಕು ಅವನಲ್ಲಿಯೇ ಉಳಿದಿದೆಯೇ, ಅವನಿಗೆ ಮನೆಗೆ ಮರಳುವ ದಾರಿ ತೆರೆದಿದೆಯೇ ಎಂದು ಅವರು ಕೇಳಲಿ. ಪ್ರಶಸ್ತಿಗಳನ್ನು ಹಂಚುವ ಸಂಘಗಳು ಗಡಿ ಕಾಯುವುದಕ್ಕಿಂತ, ಅಕ್ಷರ ಬಲ್ಲವರು ಅಕ್ಷರ ತಿಳಿಯದ ಹಾಡುಗಾರನಿಗೆ ಕರಾರುಪತ್ರವನ್ನು ಓದಿ ಹೇಳುವುದು ಹೆಚ್ಚಿನ ಸೇವೆ. ಬಂದ ಹಾಡಿನಿಂದ ಯಾವ ನಾಡೂ ಬಡವಾಗಿಲ್ಲ. ಬರೆದುಕೊಟ್ಟ ಹಕ್ಕಿನಿಂದ ಬಡವಾದ ಹಾಡುಗಾರರು ಎಲ್ಲ ನಾಡುಗಳಲ್ಲಿಯೂ ಇದ್ದಾರೆ.